ಗರಿ ಕಟ್ಟಿಕೊಳ್ಳದ ಹುಡುಗಿ

ನಮ್ಮ ಚೇರ್ಮನ್ನರಿಗೆ ಬುಡಕಟ್ಟಿನವರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಕಾಲೇಜಿಗೆ ದೊಡ್ಡ ಅತಿಥಿಯೊಬ್ಬರು ಬರುವವರಿದ್ದರು. ಅಷ್ಟು ಕಾರಣ ಸಾಕಾಗಿತ್ತು.

ಚಿಕ್ಕೋಡಿ ಹತ್ತಿರದ ಆ ನರ್ಸಿಂಗ್ ಕಾಲೇಜಿನಲ್ಲಿ ನಾನು ಪಾಠ ಹೇಳುತ್ತೇನೆ. ಬೆಳೆದದ್ದು ರಾಯಬಾಗದ ಕಡೆಯ ಹರಣಶಿಕಾರಿ ಕೇರಿಯಲ್ಲಿ; ಬ್ರಿಟಿಷರ ಕಾಲದಿಂದಲೂ ಕಳ್ಳರೆಂಬ ಹಣೆಪಟ್ಟಿ ಹೊತ್ತ ಬುಡಕಟ್ಟು ನಮ್ಮದು. ಆ ವರ್ಷ ನಮ್ಮದೇ ಬುಡಕಟ್ಟಿನ ಹುಡುಗಿಯೊಬ್ಬಳು ಬಿಎಸ್ಸಿ ನರ್ಸಿಂಗಿಗೆ ಸೇರಿದ್ದಳು. ಅವಳ ತಾಯಿ ಸದಲಗಾ, ನಿಪ್ಪಾಣಿ ಸಂತೆಗಳಲ್ಲಿ ಬಾಚಣಿಗೆ, ಪಿನ್ನು ಮಾರುತ್ತಿದ್ದಳು. ಹತ್ತನೆಯ ತನಕ ಕನ್ನಡದಲ್ಲೇ ಓದಿದ ಹುಡುಗಿ ಇಂಗ್ಲಿಷ್ ಅನಾಟಮಿ ಪುಸ್ತಕದ ಮುಂದೆ ಕೂತು ಅಳುತ್ತಿದ್ದಳು. ಹಾಸ್ಟೆಲಿನಲ್ಲಿ ಅವಳು ಬಂದ ದಿನವೇ ಪಕ್ಕದ ಮಂಚದವಳು ತನ್ನ ಟ್ರಂಕಿಗೆ ಇನ್ನೊಂದು ಬೀಗ ತಂದು ಜಡಿದಳು. ಇಂಥವಳಿಗೆ ಇಂಗ್ಲಿಷ್ ಕಲಿಸಲು ಬೇರೆ ಕ್ಲಾಸು ಬೇಕೆಂದು ನಾನು ಕೇಳಿದೆ. ಕಾಲೇಜು ಅವಳಿಗೊಂದು ಬ್ಯಾಗು ಕೊಟ್ಟಿತು. ಬ್ಯಾಗಿನ ಮೇಲೆ ಚೇರ್ಮನ್ನರ ಮುಖ.

ಅತಿಥಿ ಬರುವ ವಾರ ಚೇರ್ಮನ್ನರು ನಮ್ಮಿಬ್ಬರನ್ನೂ ಕರೆಸಿದರು.

"ಮೇಡಂ, ನಿಮ್ಮ ಮಂದಿದೊಂದು ಡಾನ್ಸ್ ಆಗಲಿ. ಗರಿ ಕಟ್ಟಿ, ಮಾರಿಗೆ ಮಸಿ ಹಚ್ಚಿ, ಹೋ ಹೋ ಅಂತ ಕುಣಿಯೂದು. ಡ್ರೆಸ್ ಕೊಲ್ಲಾಪುರದಿಂದ ತರಸೇನಿ."

ಇಷ್ಟು ದಪ್ಪ ಚರ್ಮವನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ನನಗಿಂತ ಮೊದಲು ಹುಡುಗಿಯೇ ಮಾತಾಡಿದಳು.

"ಸರ್, ನಮ್ಮ ಮಂದಿ ಮದವ್ಯಾಗ ಡಿಜೆ ಹಚ್ಚಿ ಮರಾಠಿ ಹಾಡಿಗೆ ಕುಣಿತಾರ್ರಿ. ಅದ ಮಾಡ್ಲೇನ್ರಿ?"

"ಅದ ಬ್ಯಾಡವಾ. ಖರೇ ಬುಡಕಟ್ಟಿಂದ ಮಾಡು."

"ಮತ್ತ ನಾನು ಸುಳ್ಳ ಬುಡಕಟ್ಟೇನ್ರಿ?"

ಚೇರ್ಮನ್ನರು ನನ್ನನ್ನು ನೋಡಿದರು, ನಾನೇನೋ ಅವಳ ಬಾಯಿಗೆ ಆ ಮಾತು ತುರುಕಿದ್ದೆನೆಂಬಂತೆ. "ಆಕಿ ಕುಣಿಯಂಗಿಲ್ರಿ. ಕಾಲೇಜಿಗೆ ಆಕಿ ಓದಾಕ ಬಂದಾಳ" ಎಂದೆ. ಅವರಿಗೆ ಬೇಜಾರೇನೂ ಆಗಲಿಲ್ಲ. ಗರಿಗೆ ತಲೆ ಯಾರದಾದರೇನು! ಊರ ದೊಡ್ಡ ಮನೆತನಗಳ ಹುಡುಗಿಯರು ಖುಷಿಯಿಂದ ಮಸಿ ಬಳಿದುಕೊಂಡರು. ಟ್ರಂಕಿಗೆ ಬೀಗ ಜಡಿದವಳೂ ಇದ್ದಳು, ಕೈಯಲ್ಲಿ ರಟ್ಟಿನ ಈಟಿ.

ಅತಿಥಿ ಕರಗಿಹೋದರು. "ಎಷ್ಟ ಮುಗ್ಧ ಮಂದಿ" ಎಂದು ಮೈಕಿನಲ್ಲಿ ಗದ್ಗದಿತರಾದರು. "ಇವ್ರೆಲ್ಲಾ ನಮ್ಮ ಬುಡಕಟ್ಟಿನ ಮಕ್ಕಳ್ರಿ" ಎಂದು ಚೇರ್ಮನ್ನರು ಕೈ ಮುಗಿದರು. ಒಬ್ಬೊಬ್ಬರಿಗೂ ಶಾಲು, ಹಾರ. ನಮ್ಮ ಹುಡುಗಿ ಕೊನೆಯ ಸಾಲಿನಲ್ಲಿ ಬಿಳಿ ಯೂನಿಫಾರ್ಮಿನಲ್ಲಿ ನನ್ನ ಪಕ್ಕ ಕೂತು, ಬಾಯಿಗೆ ಕರ್ಚೀಫು ಒತ್ತಿಕೊಂಡು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಆ ಶಾಲುಗಳ ಮೇಲೆ ಉಗುಳಬೇಕೆನಿಸುತ್ತಿತ್ತು.

ಅಂದಿನಿಂದ ಕಾಲೇಜನ್ನು ಕೇಳುವುದು ಬಿಟ್ಟೆ. ಸಂಜೆ ಅವಳು ನಮ್ಮ ಮನೆಗೆ ಬರತೊಡಗಿದಳು. ನಾನು ರೊಟ್ಟಿ ಬಡಿಯುತ್ತ ನನ್ನ ಮೈಯ ಎಲುಬುಗಳನ್ನೇ ಮುಟ್ಟಿ ತೋರಿಸುತ್ತಿದ್ದೆ. ಮೊದಲು ನಮ್ಮ ಕೇರಿಯ ಮಾತಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಮೊದಲ ಸಲ ಅನಾಟಮಿಯಲ್ಲಿ ಫೇಲಾದಳು. ಗಂಟುಮೂಟೆ ಕಟ್ಟಿ ಹೊರಟವಳನ್ನು ಬಸ್ ಸ್ಟ್ಯಾಂಡಿನಿಂದ ಬೈದು ಕರೆತಂದೆ. ಮತ್ತೆ ಬರೆದಳು, ಪಾಸಾದಳು. ಮುಂದಿನದೆಲ್ಲ ಅವಳದೇ ದುಡಿಮೆ.

ಈಗ ಅಥಣಿಯ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿದ್ದಾಳೆ. ಮೊನ್ನೆ ಚೇರ್ಮನ್ನರು ಫೋನ್ ಮಾಡಿದ್ದರು.

"ಮೇಡಂ, ನಮ್ಮ ಸಪೋರ್ಟ್ ತಗೊಂಡು ಮ್ಯಾಲ ಬಂದ ಹುಡುಗಿ ಅದಾಳಲ್ಲ, ಆಕಿ ಫೋಟೋ ಫ್ಲೆಕ್ಸಿಗೆ ಬೇಕಾಗೇತಿ. ಏನ್ರಿ ಆಕಿ ಹೆಸರು?"

ನಾಲ್ಕು ವರ್ಷ ಅವರ ಕಣ್ಣೆದುರೇ ಓಡಾಡಿದವಳು. ನಾನು ಹೆಸರು ಹೇಳದೆ ಫೋನಿಟ್ಟು ಕ್ಲಾಸಿಗೆ ಹೋದೆ.