ಬಾಗಿಲು ಪರದೆಯ ಸೂರ್ಯ

ಅಥಣಿಯಲ್ಲಿ ಮಂಗಸೂಳಿಯ ಬಸ್ಸಿಗೆ ಇನ್ನೂ ಹೊತ್ತಿದೆ. ಬಟ್ಟೆಗೆ ಮರದ ಅಚ್ಚೊತ್ತುವ ದಸ್ತಗೀರ ಸಾಹೇಬರ ಪಡಸಾಲೆಯಲ್ಲಿ ಕೂತಿದ್ದೇನೆ. ಹಗ್ಗದ ಮೇಲೆ ಹೊಸ ಪರದೆಗಳು ಒಣಗುತ್ತಿವೆ. ಗಾಳಿ ಬಂದರೆ ಅವುಗಳಲ್ಲಿ ಒತ್ತಿದ ಗಿಳಿಗಳು ಹಾರುತ್ತವೆ, ಗಾಳಿ ನಿಂತರೆ ಮೆಲ್ಲಗೆ ಬಂದು ಕೂರುತ್ತವೆ.

ನಾಟಕ ಕಂಪನಿಗೆ ಪರದೆ ಬರೆಯುತ್ತಿದ್ದ ಕಲಾವಿದರೊಬ್ಬರು ತಮ್ಮ ಮನೆಯ ಬಾಗಿಲಿಗೆಂದು ರಚಿಸಿದ ಚಿತ್ತಾರವಿದು. ಅವರ ಮೊಮ್ಮಗಳು ಗಂಗವ್ವ ಮಾಸಿದ ಹಳೆಯ ಪರದೆ ಕೊಟ್ಟು, ಹೊಸ ಮನೆಗೂ ಅಂಥದ್ದೇ ಬೇಕೆಂದಿದ್ದರಂತೆ. ಈಗ ಒಯ್ಯಲು ಬಂದಿದ್ದಾರೆ. ಗಿಳಿಗಳ ನಡುವಿನ ಕೆಂಪು ದುಂಡಿನ ಮೇಲೆ ಅವರ ಬೆರಳು ನಿಂತಿತು.

“ಇದೇನ್ರಿ ಸಾಹೇಬ್ರ?”

“ಸೂರ್ಯ ಅಲ್ರೀ ಅಕ್ಕಾರ? ಹಳೇದ್ರಾಗ ಇದ್ದಂಗ ಹಾಕೇನ್ರಿ. ಅದಕ್ಕಂತನ ಬ್ಯಾರೆ ಅಚ್ಚು ಕೆತ್ತೇನಿ.”

“ಅಯ್ಯ, ಅದು ಅಜ್ಜ ಬರದದ್ದಲ್ರಿ. ಪರದೆ ಹರದಾಗ ನಮ್ಮವ್ವ ತನ್ನ ಸೀರಿ ತುಂಡು ಹಚ್ಚಿದ ತ್ಯಾಪಿ.”

ಸಾಹೇಬರ ಮುಖ ಇಳಿಯಿತು. “ತಪ್ಪಾತ್ರಿ. ಅದನ್ನ ಬಿಟ್ಟು ಮತ್ತ ಒತ್ತಿ ಕೊಡ್ತೇನ್ರಿ.”

ಗಾಳಿಗೆ ಎಲ್ಲ ಪರದೆಗಳೂ ಎದ್ದವು. ಪಡಸಾಲೆಯ ತುಂಬ ಕೆಂಪು ಸೂರ್ಯರು ತೇಲಿದರು. ಅವು ತಗ್ಗುವವರೆಗೂ ಗಂಗವ್ವ ನೋಡುತ್ತಲೇ ಇದ್ದರು.

“ಇವು ಹಿಂಗ ಇರ್ಲಿ. ಅಡಗಿಮನಿ ಕಿಡಕಿಗೂ ಒಂದು ಒತ್ತಿ ಕೊಡ್ರಿ,” ಎಂದರು. “ಅದಕ್ಕ ಗಿಳಿ ಬ್ಯಾಡ. ಬರೇ ಸೂರ್ಯ.”