ಹಾಡಿನ ಯಜಮಾನ

ಲೂಕನ್ ಎಂಬ ಐರಿಶ್ ಊರಿನಲ್ಲಿ ಶೆರಿನ್‌ಳ ಪಕ್ಕದ ಮನೆಯ ಹ್ಯೂ ಇಂಗ್ಲೆಂಡಿನಿಂದ ಬಂದ ಹಾಡುಗಾರರು. ಐವತ್ತು ವರ್ಷಗಳಿಂದ ಜನಪದದ ಧಾಟಿಯಲ್ಲಿ ತಾವೇ ಹಾಡು ಕಟ್ಟಿ, ಗಿಟಾರ್ ನುಡಿಸುತ್ತ ಪಬ್ಬಿನಿಂದ ಪಬ್ಬಿಗೆ ಹಾಡಿಕೊಂಡು ಬಂದವರು. ಹಾಡಿಕೆ ಹೇಗಾಯಿತೆಂದರೆ, ಕೇಳುವವರು ಮುನ್ನೂರು ಜನರಿದ್ದರೂ "ಗ್ರ್ಯಾಂಡ್", ಮೂವರೇ ಇದ್ದು ಅವರಲ್ಲೊಬ್ಬ ತೂಕಡಿಸುತ್ತಿದ್ದರೂ "ಗ್ರ್ಯಾಂಡ್" ಎನ್ನುವವರು. ಆದರೆ ಹಾಡಿಗಿಂತ ಅವರ ಪೀಠಿಕೆಯೇ ಉದ್ದ. ಯಾವ ಊರಿನ ಯಾವ ಮಳೆಯಲ್ಲಿ ಮೊದಲ ಸಾಲು ಹೊಳೆಯಿತು, ಆಗ ಕಾಲಲ್ಲಿ ಎಂಥ ಬೂಟು ಇತ್ತು, ಎಲ್ಲವೂ ಬರಬೇಕು. "ಅದು ಮುಗಿಯುವಾಗ ಒಂದು ಪಾತ್ರೆ ಕುಚ್ಚಲಕ್ಕಿ ಬೇಯ್ತದೆ ಮಾರಾಯ್ರೆ," ಎಂದು ಶೆರಿನ್ ತನ್ನ ಗಂಡ ಡೆರಿಕ್‌ನನ್ನು ನಗಿಸುತ್ತಾಳೆ. ಅವಳ ಮಗಳ ಹುಟ್ಟುಹಬ್ಬಕ್ಕೆಂದು ಕಟ್ಟಿದ ನಾಲ್ಕು ಸಾಲಿಗೂ ಪೀಠಿಕೆ ಹಾಕಿದರು. ಮೇಣದಬತ್ತಿಗಳೆಲ್ಲ ಕರಗಿ ಕೇಕಿಗಿಳಿದವು. "ಮಾತು ನನ್ನದು, ರಾಗವೂ ನನ್ನದು" ಎನ್ನದೆ ಅವರು ತಂತಿ ಮುಟ್ಟುವವರಲ್ಲ; ಬೇರೆ ಯಾರಾದರೂ ಹೆಸರು ಹೇಳದೆ ಅವರ ಹಾಡು ಹಾಡಿದರೆ, ಎದ್ದು ನಿಂತು ನಡುವೆಯೇ ತಿದ್ದುವವರು. ಇಷ್ಟು ವರ್ಷಗಳ ಗಳಿಕೆಯೆಂದರೆ ಆ ಹೆಸರೊಂದೇ. ಮೊನ್ನೆ ಹತ್ತಿರದ ಮೇನೂತ್‌ನ ಪಬ್ಬಿನಲ್ಲಿ ಕಾಲೇಜು ಹುಡುಗಿಯೊಬ್ಬಳು, "ಇದು ನಮ್ಮಜ್ಜಿ ಕಲಿಸಿದ ಹಳೇ ಹಾಡು, ಕಟ್ಟಿದವರು ಯಾರೋ ಗೊತ್ತಿಲ್ಲ," ಎಂದು ಅವರದೇ ಹಾಡನ್ನು, ಕೊನೆಯ ಸಾಲು ಮಾತ್ರ ಬೇರೆಯಾಗಿ, ಹಾಡಿದಳು. ಇಡೀ ಪಬ್ಬು ದನಿಗೂಡಿಸಿತು. "ನಿಮ್ಮದು ಅಂತ ಹೇಳಿ ಅಂಕಲ್!" ಎಂದು ಪಕ್ಕದಲ್ಲಿ ಕೂತಿದ್ದ ಶೆರಿನ್ ಮೊಣಕೈಯಿಂದ ತಿವಿದಳು. ಹ್ಯೂ ಎದ್ದೇ ನಿಂತರು. "ಆ ಕೊನೇ ಸಾಲು ಇನ್ನೊಮ್ಮೆ ಹಾಡಮ್ಮಾ," ಎಂದರು. "ನನಗೆ ಬರೋದು ಬೇರೆ ಥರ. ನಿಮ್ಮಜ್ಜಿದೇ ಚೆನ್ನಾಗಿದೆ, ಕಲ್ತ್ಕೋತೀನಿ."