ಸತ್ತ ನಾಯಿಗಳನ್ನು ಬಿಟ್ಟು ಬರೆದ ಅರ್ಜಿ

ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಲಾರಿಯಡಿಗೆ ಸಿಕ್ಕ ನಾಯಿಯೊಂದನ್ನು ಎಳೆದು ತೆಗೆಯುವಾಗ ಅದು ಕಚ್ಚಿತ್ತಂತೆ. ಕೇಳಿದವರಿಗೆ, "ಅದರ ತಪ್ಪಲ್ಲ, ನಾನು ಹಿಡಿದದ್ದೇ ಅದರ ಮುರಿದ ಕಾಲನ್ನ" ಎನ್ನುತ್ತಿದ್ದರು.

ಮದರಾಸಿನ ಕೀಲ್ಪಾಕ್‌ನಲ್ಲಿ ಎಲ್ಲರಿಗೂ ಅವರು ಸಿಸ್ಟರಮ್ಮ. ಮಂಡ್ಯದ ಕಡೆಯಿಂದ ನರ್ಸ್ ಕೆಲಸಕ್ಕೆ ಬಂದು, ಅಲ್ಲೇ ನಿವೃತ್ತರಾಗಿ, ಮನೆಯ ಹಿತ್ತಿಲಲ್ಲಿ ಗಾಯಗೊಂಡ ಬೀದಿನಾಯಿಗಳನ್ನು ಸಾಕುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ನುಂಗಂಬಾಕ್ಕಂನ ಕಚೇರಿಯೊಂದಕ್ಕೆ ಸೇರಿದ ನಾನು ಅವರ ಮಹಡಿಯಲ್ಲಿ ಬಾಡಿಗೆಗಿದ್ದೆ. ಬೆಳಿಗ್ಗೆ ಅರಿಶಿನ ಹಾಕಿದ ಗಂಜಿ ಕಲಸುತ್ತ ಅವರು ಒಂದೊಂದೇ ನಾಯಿಯ ಹೆಸರು ಹಿಡಿದು ಕೂಗುವುದು ಮೇಲಕ್ಕೆ ಕೇಳಿಸುತ್ತಿತ್ತು. ಸತ್ತವುಗಳ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಯಾವ ಕಾಯಿಲೆ, ಕೊನೆಗೆ ಏನು ತಿಂದಿತು, ಎಲ್ಲವೂ ಅದರಲ್ಲಿರುತ್ತಿತ್ತು.

ಅಂಟುರೋಗ ಬಂದ ನಾಯಿಗಳನ್ನು ಬೇರೆ ಇಡಲು ಅವರಿಗೊಂದು ಕೋಣೆ ಬೇಕಿತ್ತು. ಪ್ರಾಣಿದಯಾ ಸಂಸ್ಥೆಗಳಿಗೆ ಅನುದಾನ ಕೊಡುವ ಪ್ರತಿಷ್ಠಾನವೊಂದರ ಅರ್ಜಿಯನ್ನು ತಂದು ನಾನೇ ಇಂಗ್ಲಿಷಿನಲ್ಲಿ ತುಂಬಿದೆ. ವರ್ಷದಲ್ಲಿ ಎಷ್ಟು ಪ್ರಾಣಿ ಸತ್ತವು ಎಂಬಲ್ಲಿ ಕೈ ತಡೆಯಿತು. ನೋಟ್‌ಬುಕ್ಕಿನ ಪ್ರಕಾರ ನಲವತ್ತಕ್ಕೂ ಹೆಚ್ಚು, ಅಂದರೆ ತಂದವುಗಳಲ್ಲಿ ಅರ್ಧಕ್ಕರ್ಧ, ಸತ್ತಿದ್ದವು. ಹಾಗೆ ಬರೆದರೆ ಯಾರು ಕೊಡುತ್ತಾರೆ ಎಂದು ನಾನೇ ತೀರ್ಮಾನಿಸಿ, ಆರು ಎಂದು ಬರೆದೆ. ಒಮ್ಮೆ ಓದಿ ಎಂದರೆ, "ನೀನು ಬರೆದದ್ದು ತಾನೇ, ಓದೋದೇನು" ಎಂದು ಸಹಿ ಹಾಕಿದರು.

ಎರಡು ತಿಂಗಳ ಮೇಲೆ ಪ್ರತಿಷ್ಠಾನದ ಅಧಿಕಾರಿಯೊಬ್ಬರು ಬಂದರು. ಹಿತ್ತಿಲೆಲ್ಲ ಓಡಾಡಿ ಮೆಚ್ಚಿದರು. ಹೊರಡುವ ಮುಂಚೆ, ಸತ್ತವು ಎಷ್ಟು ಎಂದು ತಮಿಳಿನಲ್ಲಿ ವಿಚಾರಿಸಿದರು. ಸಿಸ್ಟರಮ್ಮ ಒಳಗಿನಿಂದ ನೋಟ್‌ಬುಕ್ ತಂದು ಅವರ ಕೈಗೇ ಕೊಟ್ಟರು. ಅಧಿಕಾರಿಗೆ ಕನ್ನಡ ಬಾರದಿದ್ದರೂ ಸಾಲು ಎಣಿಸಲು ಬರುತ್ತಿತ್ತು.

"ಅರ್ಜಿಯಲ್ಲಿ ಆರು ಅಂತಿದೆಯಲ್ಲಮ್ಮ. ಯಾರು ಬರೆದದ್ದು?"

ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಸಿಸ್ಟರಮ್ಮ ಒಮ್ಮೆ ನನ್ನ ಮುಖ ನೋಡಿದರು.

"ನಾನೇ ಹೇಳಿ ಬರೆಸಿದ್ದು ಸಾರ್. ಈ ತಂಬಿಗೆ ಏನೂ ಗೊತ್ತಿಲ್ಲ."

ಅಧಿಕಾರಿ ಬೇಸರದಿಂದಲೇ ಹೇಳಿದರು: "ಇಷ್ಟು ಸಾಯುತ್ತವೆ ಅಂತ ಬರೆದಿದ್ದರೆ, ಕೋಣೆ ಯಾಕೆ ಬೇಕು ಅಂತ ನಮಗೆ ಅರ್ಥವಾಗ್ತಿತ್ತು."

ತಪ್ಪು ಮಾಹಿತಿ ನೀಡಿದ್ದರಿಂದ ಅರ್ಜಿ ತಿರಸ್ಕರಿಸಲಾಗಿದೆ ಎಂಬ ಪತ್ರ ಅವರ ಹೆಸರಿಗೇ ಬಂತು. ಆ ಬೇಸಿಗೆಯಲ್ಲಿ ಹೊಸದಾಗಿ ತಂದ ಮರಿಯೊಂದರಿಂದ ರೋಗ ಹರಡಿ ಹನ್ನೊಂದು ಮರಿಗಳು ಒಂದರ ಹಿಂದೊಂದು ಸತ್ತವು. ಗುಂಡಿ ತೋಡಿದ್ದು ನಾನು. ಕೊನೆಯದನ್ನು ಮಣ್ಣಿಗಿಟ್ಟ ದಿನ ಗುದ್ದಲಿ ಬಿಟ್ಟು ಅಲ್ಲೇ ಕೂತೆ. ಅವರು ಪಕ್ಕಕ್ಕೆ ಬಂದು ಕೂತರು.

"ಕೆಟ್ಟದ್ದಾಗ್ಲಿ ಅಂತ ನೀನು ಬರೀಲಿಲ್ಲ ಕಣಪ್ಪ, ನಂಗೊತ್ತು. ಆದ್ರೆ ಪಾವಂ, ಸತ್ತ ಆ ಪಾಪದ ಜೀವಗಳು ಇರ್ಲೇ ಇಲ್ಲ ಅನ್ನೋ ಹಾಗೆ ಮಾಡ್ಬಿಟ್ಟೆಯಲ್ಲ."

ಮತ್ತೆಂದೂ ಆ ಮಾತು ಎತ್ತಲಿಲ್ಲ. ಮದುವೆಯಾಗಿ ಟಿ. ನಗರಕ್ಕೆ ಮನೆ ಬದಲಿಸಿದ ಮೇಲೂ ನಾನು ಹೋದಾಗಲೆಲ್ಲ ಊಟ ಹಾಕದೆ ಕಳಿಸುತ್ತಿರಲಿಲ್ಲ. ಆ ಅರ್ಜಿಯಾದ ಎಂಟು ವರ್ಷದ ನಂತರ ಒಂದು ಬೆಳಿಗ್ಗೆ ಗಂಜಿ ಕಲಸುತ್ತಿದ್ದಾಗಲೇ ಎದೆನೋವು ಬಂದು ತೀರಿಕೊಂಡರು.

ಗಾಯಗೊಂಡ ಪ್ರಾಣಿಗಳನ್ನು ಸಾಕುವ ಎಷ್ಟೋ ಸಂಸ್ಥೆಗಳಿಗೆ ಈಗಲೂ ಅರ್ಜಿ ಬರೆದುಕೊಡುತ್ತೇನೆ. ಸತ್ತವುಗಳ ಲೆಕ್ಕವನ್ನೇ ಮೊದಲು ತುಂಬುತ್ತೇನೆ. ಜನ ನನ್ನನ್ನು ಪ್ರಾಮಾಣಿಕ ಎನ್ನುತ್ತಾರೆ. ಆ ಸುಳ್ಳು ನನ್ನದೆಂದು ಪ್ರತಿಷ್ಠಾನಕ್ಕೆ ನಾಲ್ಕು ಸಾಲು ಬರೆಯಲು ನನಗೆ ಅವರು ಬದುಕಿದ್ದ ಎಂಟು ವರ್ಷ ಸಮಯವಿತ್ತು. ಬರೆಯಲಿಲ್ಲ. ಅಲ್ಲಿನ ಕಡತದಲ್ಲಿ ಸಿಸ್ಟರಮ್ಮ ಇಂದಿಗೂ ಸುಳ್ಳು ಹೇಳಿದ ಹೆಂಗಸು.